ಅಂಚು ಕಾಣದ ರವಿಕೆ

ಗಡಿಯಲ್ಲಿ ಯುದ್ಧ ನಡೆದ ವರ್ಷ, ೧೯೯೯ರ ಜೂನ್ ತಿಂಗಳ ಕೊನೆಗೆ, ದಾವಣಗೆರೆಯ ನನ್ನ ಹೊಲಿಗೆ ಅಂಗಡಿಯ ಕಟಿಂಗ್ ಟೇಬಲ್ಲಿನ ಮೇಲೆ ಮಿಲಿಟರಿ ಬಟ್ಟೆ ರಾಶಿ ಬಿದ್ದಿತ್ತು. ಹಸಿರು, ಕಂದು, ಕಪ್ಪು ಮಚ್ಚೆಗಳ ಆ ಬಟ್ಟೆಯನ್ನು ಅಲ್ಲಿಯತನಕ ನಮ್ಮಲ್ಲಿ ಯಾರೂ ಕೇಳಿದವರಿರಲಿಲ್ಲ. ಆ ವರ್ಷ ಮಾತ್ರ ಸ್ವಾತಂತ್ರ್ಯ ದಿನದ ಕವಾಯತಿಗೆ ಮಕ್ಕಳಿಗೆ ಅದನ್ನೇ ತೊಡಿಸಬೇಕೆಂದು ಸ್ಕೂಲಿನವರಿಗೆಲ್ಲ ಹಟ. ನಾನು ಹೆಂಗಸರ ಬಟ್ಟೆ ಹೊಲಿಯುವವಳು. ಆದರೂ ಒಂದು ಸ್ಕೂಲಿನ ನಲವತ್ತು ಜೊತೆ ಒಪ್ಪಿಕೊಂಡಿದ್ದೆ.

ಆ ಸ್ಕೂಲಿನ ಡ್ರಿಲ್ ಮಾಸ್ತರು ಹಿಂದೆ ಸೈನ್ಯದಲ್ಲಿದ್ದವರು. ಅಂಗಿಯ ಮಚ್ಚೆಗೆ ಜೇಬಿನ ಮಚ್ಚೆ ಸರಿಯಾಗಿ ಕೂಡಲಿ ಎಂದು ನಾನು ಬಟ್ಟೆಯನ್ನು ಅತ್ತಿತ್ತ ಸರಿಸುತ್ತಿದ್ದುದನ್ನು ನೋಡಿ ಅವರಿಗೆ ನಗು ಬಂತು. "ಕೂಡಿಸಬ್ಯಾಡ್ರಿ ಅಮ್ಮಾ. ಇದು ಮುಚ್ಚೋ ಬಟ್ಟೆ ಅಲ್ಲ. ನೋಡೋರ ಕಣ್ಣಿಗೆ ಎಲ್ಲೂ ಅಂಚು ಸಿಗಬಾರ್ದು, ಅಷ್ಟೇ ಇದರ ಕೆಲ್ಸ" ಎಂದರು. ಚೆಕ್ಸಿಗೆ ಚೆಕ್ಸು, ಹೂವಿಗೆ ಹೂವು ಕೂಡಿಸುವುದೇ ಒಳ್ಳೆಯ ಟೈಲರಿನ ಗುರುತು ಎಂದು ಕಲಿತ ನನಗೆ ಅದು ವಿಚಿತ್ರವಾಗಿ ಕೇಳಿಸಿತು. ತಲೆಯಾಡಿಸಿ ಮತ್ತೆ ಬಟ್ಟೆಗೆ ಬಗ್ಗಿದೆ.

ಅದೇ ವಾರ ಡಾಕ್ಟರಮ್ಮ ಅಂಗಡಿಗೆ ಬಂದರು. ಊರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಸುಟ್ಟಗಾಯದ ವಾರ್ಡು ನೋಡಿಕೊಳ್ಳುತ್ತಿದ್ದ ಸರ್ಜನ್ ಅವರು, ನನ್ನ ಹಳೆಯ ಗಿರಾಕಿ. ಚೀಲದಿಂದ ಒಂದು ಬಿಗಿಯಾದ ಬನಿಯನ್ನಿನಂಥ ಅಂಗಿ ತೆಗೆದು ಟೇಬಲ್ಲಿನ ಮೇಲಿಟ್ಟರು. ಸುಟ್ಟ ಚರ್ಮ ವಾಸಿಯಾಗುವಾಗ ಗಂಟುಗಟ್ಟಿ ಉಬ್ಬುತ್ತದೆ, ಎಳೆದುಕೊಳ್ಳುತ್ತದೆ, ಕುತ್ತಿಗೆ ತಿರುಗದಂತೆ, ಕೈ ಎತ್ತದಂತೆ ಮಾಡುತ್ತದೆ. ಹಗಲೂ ರಾತ್ರಿ ಹಿತವಾಗಿ ಒತ್ತಿ ಹಿಡಿಯುವ ಅಂಗಿ ಹಾಕಿದರೆ ಉಬ್ಬು ತಗ್ಗುತ್ತದೆ ಎಂದು ವಿವರಿಸಿದರು. ಮುಂಬಯಿಯಿಂದ ತರಿಸಬೇಕು, ಬರುವುದಕ್ಕೆ ಎರಡು ತಿಂಗಳು. ಅಷ್ಟರೊಳಗೆ ವಾರ್ಡಿನಲ್ಲಿರುವ ಒಬ್ಬ ಹುಡುಗಿಯ ತೋಳು ಪಕ್ಕೆಗೆ ಅಂಟಿಬಿಡುತ್ತದೆ. ನೀವು ಹೊಲಿಯಬಲ್ಲಿರಾ ಎಂದು ಕೇಳಿದರು. ಆಗುತ್ತದೆ ಎಂದೆ. ಅಂಥದ್ದನ್ನು ನಾನು ಕೈಯಲ್ಲಿ ಹಿಡಿದದ್ದೇ ಅದೇ ಮೊದಲು.

ಮರುದಿನ ಟೇಪು, ಅಳತೆ ಪುಸ್ತಕ ಹಿಡಿದು ವಾರ್ಡಿಗೆ ಹೋದೆ. ಪರದೆಯ ಹಿಂದೆ ಕುಳಿತಿದ್ದವಳಿಗೆ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. ತವರು ಭಾನುವಳ್ಳಿ, ಗಂಡನ ಮನೆ ಹರಿಹರ. ಪಕ್ಕದಲ್ಲಿ ಅವಳ ತಾಯಿ. ಮಾರ್ಚಿನಲ್ಲಿ ಸುಟ್ಟುಕೊಂಡವಳು, ತೊಡೆಯ ಚರ್ಮ ತೆಗೆದು ಹಚ್ಚಿ ಗಾಯ ಮಾಯಿಸಿದ್ದರು. ನಾನು ಚೀಲ ಕೆಳಗಿಡುವ ಮೊದಲೇ, ನಾನೇನೂ ಕೇಳದೆ ಅವಳು ಹೇಳಿದಳು: "ಸ್ಟೌ ಸಿಡೀತಕ್ಕ."

ಅಳತೆ ಹಿಡಿಯುವುದು ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ, ಎರಡು ಗಂಟೆ ಹಿಡಿಯಿತು. ಮಣಿಕಟ್ಟಿನಿಂದ ಭುಜದವರೆಗೆ ಒಂದೂವರೆ ಇಂಚಿಗೊಂದು ಸುತ್ತಳತೆ, ಕುತ್ತಿಗೆಗೆ ಮೂರು ಕಡೆ, ಎದೆಗೆ, ಸೊಂಟಕ್ಕೆ. ಟೇಪು ಚರ್ಮಕ್ಕೆ ಉಜ್ಜಬಾರದು, ಆದರೆ ಸಡಿಲವೂ ಆಗಬಾರದು. ಹದಿನಾಲ್ಕು ವರ್ಷ ಹೆಂಗಸರ ಮೈ ಅಳೆದ ಕೈ ನನ್ನದು. ಬರೆಯುತ್ತ ಬರೆಯುತ್ತ ಒಂದು ಸಂಗತಿ ಕಣ್ಣಿಗೆ ಬಿತ್ತು. ಎದೆ ಹೆಚ್ಚುಕಡಿಮೆ ಚೊಕ್ಕಟವಾಗಿತ್ತು. ಮುಖಕ್ಕೆ ಏನೂ ಆಗಿರಲಿಲ್ಲ. ಸುಟ್ಟದ್ದೆಲ್ಲ ಹಿಂದಲೆಯ ಬುಡದಿಂದ ಶುರುವಾಗಿ, ಕತ್ತಿನ ಹಿಂಭಾಗ, ಬಲಭುಜ, ಬೆನ್ನು, ಬಲತೋಳಿನ ಹಿಂದಿನ ಮೈ. ಸ್ಟೌ ಮುಂದೆ ಕುಕ್ಕರುಗಾಲಲ್ಲಿ ಕೂತು ಪಂಪು ಹೊಡೆಯುವವಳಿಗೆ ಬೆಂಕಿ ಬರುವುದು ಎದುರಿನಿಂದ. ಮನೆಯಲ್ಲಿ ನಾನೂ ಅದೇ ಸ್ಟೌ ಹಚ್ಚುವವಳು.

ಅಂಕಿಗಳನ್ನು ಬರೆದುಕೊಂಡು ಬಂದೆ.

ಹಿಗ್ಗುವ ಬಟ್ಟೆ ದಾವಣಗೆರೆಯಲ್ಲಿ ಸಿಗಲಿಲ್ಲ. ಕೊನೆಗೆ ಹುಬ್ಬಳ್ಳಿಗೆ ಹೋಗುವವರ ಕೈಯಲ್ಲಿ ಈಜುಡುಪಿನ ಬಟ್ಟೆ ಎರಡು ಮೀಟರು ತರಿಸಿದೆ. ಡಾಕ್ಟರಮ್ಮ ಹೇಳಿದಂತೆ ಪ್ರತಿ ಅಳತೆಗೂ ಹತ್ತರಲ್ಲೊಂದು ಪಾಲು ಕಡಿಮೆ ಮಾಡಿ ಕತ್ತರಿಸಿದೆ. ಮೊದಲನೆಯ ಅಂಗಿ ಅವಳು ಕೈ ಎತ್ತಿದ ಕೂಡಲೇ ಟರ್ರನೆ ಬಿಚ್ಚಿಕೊಂಡಿತು. ಬಟ್ಟೆ ಹಿಗ್ಗಿತು, ನೇರ ಹೊಲಿಗೆಯ ದಾರ ಹಿಗ್ಗಲಿಲ್ಲ. ಎರಡನೆಯದಕ್ಕೆ ಪರಿಚಯದವರ ಅಂಗಡಿಗೆ ಹೋಗಿ ಜಿಗ್‌ಜಾಗ್ ಹೊಲಿಗೆ ಹಾಕಿಸಿದೆ. ದಾರ ತಡೆಯಿತು. ಆದರೆ ಕಂಕುಳಲ್ಲಿ ನಾಲ್ಕು ಹೊಲಿಗೆ ಕೂಡುವ ಜಾಗದ ಗಂಟು, ರಾಗಿಕಾಳಿನಷ್ಟು ಇದ್ದೀತು, ಅದು ಎರಡು ದಿನಕ್ಕೆ ಹೊಸ ಚರ್ಮವನ್ನು ಹರಿದುಹಾಕಿತು. ನಾನು ಹೋದಾಗ ನರ್ಸು ರಕ್ತ ಒರೆಸುತ್ತಿದ್ದಳು. ಹುಡುಗಿ ನನ್ನನ್ನು ಬೈಯಲಿಲ್ಲ. "ನಿಮ್ ತಪ್ಪಲ್ಲ ಬಿಡ್ರಿ" ಎಂದಳು. ಅಂದು ಅಂಗಡಿಗೆ ಬಂದು ಬಾಗಿಲು ತೆರೆಯದೆ ಮೆಟ್ಟಿಲ ಮೇಲೆ ಕುಳಿತಿದ್ದೆ. ಗಾಯ ಮಾಯಲು ಹತ್ತು ದಿನ ಹಿಡಿಯಿತು, ಆ ಹತ್ತು ದಿನ ಅಂಗಿ ಇಲ್ಲದೆ ಭುಜದ ಉಬ್ಬು ಮತ್ತಷ್ಟು ಏರಿತು.

ಮೂರನೆಯದನ್ನು ತಿರುಗಾಮುರುಗಾ ಹೊಲಿದೆ: ಹೊಲಿಗೆಯ ಅಂಚೆಲ್ಲ ಹೊರಗೆ, ನುಣುಪು ಮಗ್ಗುಲು ಮೈಗೆ. ಕಂಕುಳಿಗೆ ವಜ್ರದಾಕಾರದ ಬೇರೆ ತುಂಡು ಕೂಡಿಸಿ ಗಂಟೇ ಬರದಂತೆ ಮಾಡಿದೆ. ಜಿಪ್ಪನ್ನು ಚೊಕ್ಕ ಚರ್ಮವಿದ್ದ ಎಡಪಕ್ಕೆಗೆ ಇಟ್ಟೆ. ಅದು ಕೂತಿತು.

ಒಂದು ದಿನ ವಾರ್ಡಿನಿಂದ ಹೊರಡುವಾಗ ಡಾಕ್ಟರಮ್ಮ ನನ್ನನ್ನು ತಮ್ಮ ಕೋಣೆಗೆ ಕರೆದರು. ಮೊದಲ ದಿನವೇ ತಹಶೀಲ್ದಾರರು ಬಂದು ಹುಡುಗಿಯ ಹೇಳಿಕೆ ಬರೆದುಕೊಂಡಿದ್ದಾರೆ, ಅದರಲ್ಲಿರುವುದು ಸ್ಟೌ; ಗಾಯ ಎಲ್ಲೆಲ್ಲಿದೆ ಎಂದು ಕೇಸ್ ಶೀಟಿನಲ್ಲಿ ನಾನೂ ಬರೆದಿದ್ದೇನೆ, ಆದರೆ ಅವಳೇ ಬಾಯಿಬಿಡದೆ ಪೊಲೀಸರು ಮುಂದೆ ಹೋಗುವುದಿಲ್ಲ ಎಂದರು. ನಮಗೆ ಹೇಳುವುದಿಲ್ಲ, ನಿಮ್ಮ ಹತ್ತಿರ ಮಾತಾಡುತ್ತಾಳೆ, ಒಮ್ಮೆ ಕೇಳಿ ನೋಡಿ ಎಂದರು.

ಕೇಳಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ನಮ್ಮ ಕಸುಬಿನಲ್ಲಿ ಮೈ ಮೇಲೆ ಕಂಡದ್ದನ್ನು ಬಾಯಲ್ಲಿ ಆಡುವ ಪದ್ಧತಿಯಿಲ್ಲ. ಐದನೆಯ ದಿನ ತಾಯಿ ಚಹಾ ತರಲು ಹೋದಾಗ, ಜಿಪ್ಪು ಏರಿಸುತ್ತ, ಅವಳ ಮುಖ ನೋಡದೆ ಕೇಳಿದೆ. ಅವಳು ಜಿಪ್ಪಿನ ತುದಿಯನ್ನು ತಾನೇ ಹಿಡಿದು ಮೇಲಕ್ಕೆಳೆದುಕೊಂಡಳು. ಕೇಳಿಸಲಿಲ್ಲವೇನೋ ಅಂದುಕೊಂಡೆ.

"ಬೆನ್ನಿಗೆ ತಣ್ಣಗಾತಕ್ಕ. ಮೊದ್ಲು ನೀರು ಅನ್ಕಂಡೆ."

ಸುರಿದವರು ಯಾರೆಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ತಾಯಿಯ ಚಪ್ಪಲಿ ಸಪ್ಪಳ ಕೇಳಿಸಿದಾಗ ಅವಸರದಲ್ಲಿ ಇಷ್ಟು ಹೇಳಿದಳು: "ಕೇಳಿದ್ರಿ, ಹೇಳಿದೆ. ಇಲ್ಲಿಗೇ ಬಿಟ್ಬಿಡ್ರಿ. ಮಗು ಅಲ್ಲೈತೆ."

ಮೂರು ವರ್ಷದ ಹೆಣ್ಣುಮಗು, ಹರಿಹರದಲ್ಲಿ ಅಜ್ಜಿಯ ಹತ್ತಿರ ಇತ್ತು.

ನಾನು ಬಿಡಲಿಲ್ಲ. ಡಾಕ್ಟರಮ್ಮನಿಗೆ ಹೇಳಿಬಿಟ್ಟೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ನನಗೆ ಆಗ ಗಟ್ಟಿಯಾಗಿ ಅನಿಸಿತ್ತು. ಎರಡು ದಿನ ಬಿಟ್ಟು ಠಾಣೆಯಿಂದ ದಫೇದಾರರು ಬಂದರು. ಒಳ್ಳೆಯ ಮನುಷ್ಯ; ಟೊಪ್ಪಿಗೆ ತೆಗೆದು ಸ್ಟೂಲಿನ ಮೇಲೆ ಕುಳಿತು, ಹೆದರಬೇಡ ತಂಗಿ, ಏನಾಯಿತು ಹೇಳು ಎಂದು ಮೆತ್ತಗೆ ಕೇಳಿದರು. ಡಾಕ್ಟರಮ್ಮ ಬಾಗಿಲ ಹತ್ತಿರ, ನಾನು ಮಂಚದ ಕಾಲಬಳಿ ನಿಂತಿದ್ದೆವು. ಹುಡುಗಿ ಪಾಠ ಒಪ್ಪಿಸುವಂತೆ ಹೇಳಿದಳು. ಬೆಳಿಗ್ಗೆ ಎದ್ದದ್ದು, ಚಹಾಕ್ಕೆ ಸ್ಟೌ ಹಚ್ಚಲು ಹೋದದ್ದು, ಸೀಮೆಎಣ್ಣೆ ಹಾಕಿದ್ದು, ಪಂಪು ಹೊಡೆದದ್ದು, ಸಿಡಿದದ್ದು. ಬೆಳಿಗ್ಗೆ ನಿಜ. ಚಹಾ ನಿಜ. ಸ್ಟೌ, ಸೀಮೆಎಣ್ಣೆ ನಿಜ. ನಿಜದ ಮಧ್ಯೆ ಎಲ್ಲಿ ಸುಳ್ಳು ಶುರುವಾಯಿತೆಂದು, ಗೊತ್ತಿದ್ದ ನನಗೂ ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ.

ದಫೇದಾರರು ನನ್ನ ಕಡೆ ತಿರುಗಿದರು. "ಅಮ್ಮಾ, ನಿಮಗ ಬ್ಯಾರೆ ಏನಾರ ಹೇಳ್ಯಾಳಾ?"

ಹುಡುಗಿ ನನ್ನನ್ನು ನೋಡುತ್ತಿದ್ದಳು. ಸಿಟ್ಟಿನಿಂದ ಅಲ್ಲ, ಬೇಡಿಕೊಳ್ಳುತ್ತಲೂ ಅಲ್ಲ. ನಾನು ಏನು ಮಾಡುತ್ತೇನೆ ಎಂದು ಕಾಯುತ್ತಿದ್ದಳು ಅಷ್ಟೆ.

"ಇಲ್ಲ ಸಾರ್. ನಾನು ಅಳತೆ ತಗಳಾಕ ಬರೋಳು" ಎಂದೆ.

ಡಾಕ್ಟರಮ್ಮ ನೆಲ ನೋಡಿದರು. ಆಮೇಲೆ ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಆಸ್ಪತ್ರೆಯಿಂದ ಬಿಟ್ಟಮೇಲೆ ಹುಡುಗಿ ಭಾನುವಳ್ಳಿಯಲ್ಲಿ ತಾಯಿಯ ಹತ್ತಿರ ಇದ್ದಳು. ಜುಲೈ ಮುಗಿಯುವ ಹೊತ್ತಿಗೆ ತಾಯಿ ಅಂಗಡಿಗೆ ಬಂದು ಒಂದು ಸೀರೆ ಮುಂದಿಟ್ಟಳು. ಎರಡೂ ಕಡೆಯ ಹಿರಿಯರು ಕೂತು ಮಾತಾಡಿದ್ದಾರಂತೆ. ಶ್ರಾವಣದಲ್ಲಿ ಹರಿಹರದ ಮನೆಯಲ್ಲಿ ಪೂಜೆಯಿದೆ, ಬಂಧುಬಳಗ ಸೇರುತ್ತದೆ, ಅವತ್ತೇ ಸೊಸೆಯನ್ನು ಕರೆದುಕೊಳ್ಳುತ್ತಾರೆ. "ನಾಕು ಮಂದಿ ಎದುರಿಗೆ ಕೂಡ್ರಂಗ ಇರ್ಬೇಕು ಅಂದಾರವ್ವ. ಕುತ್ತಿಗಿ, ಭುಜ ಕಾಣದಂಗ ಒಂದು ಬ್ಲೌಸ್ ಹೊಲ್ಕೊಡು" ಎಂದು ಕೈ ಮುಗಿದಳು. ಮಗಳು ಸ್ಟೌ ಸಿಡಿದು ಸುಟ್ಟುಕೊಂಡದ್ದನ್ನು ಆ ತಾಯಿ ನಂಬಿದ್ದಳೋ, ನಂಬಿದಂತೆ ಇದ್ದಳೋ, ನನಗೆ ಇವತ್ತಿಗೂ ತಿಳಿಯದು.

ಬಟ್ಟೆ ಇಟ್ಟುಕೊಂಡೆ, ಹೊಲಿಯಲಿಲ್ಲ. ರವಿಕೆ ಇಲ್ಲದಿದ್ದರೆ ಅವಳು ಹೋಗಲಾರಳು ಎಂಬ ದಡ್ಡ ಲೆಕ್ಕಾಚಾರ ನನ್ನದು. ತಾಯಿ ಬಸ್ಸು ಹಿಡಿದು ಬಂದಾಗಲೆಲ್ಲ ಟೈಲರುಗಳಿಗೆ ಬಾಯಿಪಾಠವಾಗಿರುವ ಮಾತುಗಳನ್ನೇ ಹೇಳಿದೆ. ಕಟಿಂಗ್ ಆಗಿದೆ. ಹುಕ್ಕು ಹಚ್ಚುವುದೊಂದು ಬಾಕಿ. ಕರೆಂಟು ಇರಲಿಲ್ಲ. ಸೋಮವಾರ ಬನ್ನಿ. ಇಷ್ಟು ವರ್ಷ ಸಾವಿರ ಸಲ ಹೇಳಿದ ಸುಳ್ಳುಗಳು, ಯಾರಿಗೂ ನೋವಾಗದಂಥವು. ಪಾಪ, ಆ ಹೆಂಗಸು ಪ್ರತಿ ಸಲವೂ ಆಗಲವ್ವ ಎಂದು ತಿರುಗಿ ಹೋಗುತ್ತಿದ್ದಳು.

ಮೂರನೆಯ ಸಲ ಹುಡುಗಿಯೇ ಬಂದಳು. ತಲೆತುಂಬ ಸೆರಗು ಹೊದ್ದು, ಒತ್ತಡದ ಅಂಗಿಯ ಮೇಲೆ ಅಣ್ಣನದೋ ಯಾರದೋ ಷರಟು ತೊಟ್ಟಿದ್ದಳು. ಟೇಬಲ್ಲಿನ ಕೆಳಗೆ ಮಡಚಿದ ಹಾಗೇ ಇದ್ದ ಬಟ್ಟೆಯನ್ನು ಕಂಡಳು. ನಾನು ಏನೋ ಹೇಳಲು ಹೊರಟೆ.

"ಬ್ಯಾಡ್ರಿ ಅಕ್ಕ. ನಂಗೊತ್ತು ಯಾಕ ಹೊಲಿದಿಲ್ಲ ಅಂತ" ಎಂದಳು. ಆಮೇಲೆ ಸ್ಟೂಲಿನ ಮೇಲೆ ಕುಳಿತು, ನನ್ನ ಕಡೆ ನೋಡದೆ ಹೇಳಿದಳು. ಆಸ್ಪತ್ರೆಯಲ್ಲಿದ್ದಾಗ ಒಮ್ಮೆ ಮಗುವನ್ನು ಕರೆತಂದಿದ್ದರು. ಎತ್ತಿಕೊಳ್ಳಲು ಕೈ ಚಾಚಿದಳು. ಮಗು ಅವಳ ಕುತ್ತಿಗೆ ನೋಡಿ ಕಿರುಚಿ ಅಜ್ಜಿಯ ಸೆರಗಿನೊಳಗೆ ಮುಖ ಹುಗಿಯಿತು. ಅಂದಿನಿಂದ ಅದು ಅವಳ ಹತ್ತಿರ ಬಂದಿಲ್ಲ. "ನಾನಂತೂ ಹೋಗೋದೇ. ಗೋಣಿ ಹೊದ್ಕಂಡಾದ್ರೂ ಹೋಗ್ತೀನಿ. ಅವರ ನಾಕು ಮಂದಿಗೆ ಅಲ್ಲಕ್ಕ ಬ್ಲೌಸು. ಮಗು ನನ್ ನೋಡಿ ಹೆದರಬಾರ್ದು."

ನಾನು ಕತ್ತರಿ ತೆಗೆದುಕೊಂಡೆ.

ಮೊದಲು ಸೀರೆಯ ಜೊತೆಗಿದ್ದ ಕುಂಕುಮ ಬಣ್ಣದ ಬಟ್ಟೆಯಲ್ಲಿ ಎತ್ತರದ ಕಾಲರಿಟ್ಟು, ಮೊಣಕೈ ದಾಟುವ ತೋಳಿಟ್ಟು ಹಳೇ ಲೈನಿಂಗ್ ಬಟ್ಟೆಯ ಮೇಲೆ ಕಚ್ಚಾ ಹೊಲಿದು ನೋಡಿದೆ. ಚರ್ಮವೆಲ್ಲ ಮುಚ್ಚಿತು. ಆದರೆ ಒಂದೇ ಬಣ್ಣದ ಬಟ್ಟೆ ಬಲಭುಜದ ಪ್ರತಿ ಉಬ್ಬನ್ನೂ ಎತ್ತಿ ತೋರಿಸಿತು. ಬೆಳಕು ಬಿದ್ದಲ್ಲೆಲ್ಲ ಒಂದು ಗೆರೆ, ಒಂದು ನೆರಳು. ಮುಚ್ಚಿದಷ್ಟೂ ನೋಡುವವರ ಕಣ್ಣು ಅಲ್ಲಿಗೇ ಹೋಗುವಂತಿತ್ತು. ಅವಳು ಕನ್ನಡಿಯಲ್ಲಿ ನೋಡಿಕೊಂಡು ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು.

ಡ್ರಿಲ್ ಮಾಸ್ತರ ಮಾತು ನನಗೆ ಅರ್ಥವಾದದ್ದು ಆಗ. ಮಿಲಿಟರಿ ಬಟ್ಟೆಯ ಉಳಿದ ತುಂಡೊಂದನ್ನು ಎಳೆದು ಅವಳ ಬಲಭುಜದ ಮೇಲೆ ಹಾಕಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಉಬ್ಬು ಅಲ್ಲೇ ಇತ್ತು, ಕಾಣಲಿಲ್ಲ. ಮಚ್ಚೆಗಳ ನಡುವೆ ನೆರಳೂ ಒಂದು ಮಚ್ಚೆಯಾಗಿತ್ತು.

ಆ ಸಂಜೆ ಚೌಕಿಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದೆ. ಸಾಲು ಹೂವಿನ ಬಟ್ಟೆ ಬೇಡ, ಚೆಕ್ಸು ಬೇಡ, ಹೊಳೆಯುವುದು ಬೇಡ. ಕೊನೆಗೆ ಕುಂಕುಮ, ಇಟ್ಟಿಗೆ, ಕಂದು ಮೂರು ಬಣ್ಣದ ಎಲೆಗಳು ಅಡ್ಡಾದಿಡ್ಡಿ ಚೆಲ್ಲಿದ ಒಂದು ಹತ್ತಿ ಬಟ್ಟೆ ಸಿಕ್ಕಿತು, ಸೀರೆಗೂ ಒಪ್ಪುವಂಥದ್ದು. ಭುಜದ ಹೊಲಿಗೆಯಲ್ಲಿ ಎಲೆಗೆ ಎಲೆ ಕೂಡದಂತೆ ಬೇಕೆಂದೇ ಓರೆ ಕತ್ತರಿಸಿದೆ. ಎಡಭುಜಕ್ಕೆ ಲೈನಿಂಗಿನೊಳಗೆ ಹತ್ತಿಯ ತೆಳು ಪದರ ಇಟ್ಟು ಬಲದ ಎತ್ತರಕ್ಕೆ ಸಮ ಮಾಡಿದೆ. ಕಾಲರಿನ ತುದಿಯನ್ನು ನೇರ ಬಿಡದೆ ಸಣ್ಣ ಸಣ್ಣ ಅಲೆಯಾಗಿ ಕತ್ತರಿಸಿದೆ, ಕುತ್ತಿಗೆಯ ಕಲೆ ಎಲ್ಲಿ ಮುಗಿಯಿತು, ಬಟ್ಟೆ ಎಲ್ಲಿ ಶುರುವಾಯಿತು ತಿಳಿಯದಂತೆ. ನನ್ನ ಕಸುಬಿನಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಬೇರೇನನ್ನೂ ಹೊಲಿದಿಲ್ಲ. ಅಷ್ಟು ಸಂಕಟದಿಂದಲೂ.

ಪೂಜೆಯ ದಿನ ಅವಳಿಗೆ ತೊಡಿಸಲು ಭಾನುವಳ್ಳಿಗೆ ಹೋದೆ. ಅಲ್ಲಿಂದ ತಾಯಿಯ ದೂರದ ಸಂಬಂಧಿ ಎಂದು ಹೇಳಿಕೊಂಡು ಜೊತೆಯಲ್ಲೇ ಹರಿಹರಕ್ಕೂ ಹೋದೆ. ಗಂಡ ಬಾಗಿಲಲ್ಲಿ ನಿಂತು ಬರ್ರಿ ಬರ್ರಿ ಎನ್ನುತ್ತಿದ್ದ. ಸಾದಾ ಮನುಷ್ಯ, ಹಣೆಗೆ ವಿಭೂತಿ, ಮೆತ್ತಗಿನ ಮಾತು. ನಾನು ಏನು ನಿರೀಕ್ಷಿಸಿದ್ದೆನೋ ತಿಳಿಯದು. ಪಡಸಾಲೆಯಲ್ಲಿ ಕೂತ ಹೆಂಗಸರು ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದರು, ಮತ್ತೆ ನೋಡಿದರು, ಹುಡುಕಿದ್ದು ಸಿಗದವರಂತೆ ಬೇರೆ ಮಾತಿಗೆ ತಿರುಗಿದರು. ಮಗು ಕಂಬದ ಹಿಂದೆ ನಿಂತು ಬಹಳ ಹೊತ್ತು ನೋಡಿತು. ಆಮೇಲೆ ಬಂದು ತೋಳಿನ ಮೇಲಿನ ಒಂದು ಎಲೆಯನ್ನು ಬೆರಳಿನಿಂದ ಮುಟ್ಟಿತು. ಇನ್ನೊಂದನ್ನು ಮುಟ್ಟಿತು. ಹಾಗೆ ಮುಟ್ಟುತ್ತ ಮುಟ್ಟುತ್ತ ತೊಡೆಯ ಮೇಲೆ ಏರಿ ಕುಳಿತಿತು. ಹುಡುಗಿ ಅಲುಗಾಡಲಿಲ್ಲ, ಉಸಿರು ಬಿಟ್ಟಳೋ ಇಲ್ಲವೋ.

ಊಟದ ಹೊತ್ತಿಗೆ ಅತ್ತೆ ನನ್ನ ಹತ್ತಿರ ಬಂದರು. ಹೊಲಿದವಳು ನಾನೆಂದು ಯಾರೋ ಹೇಳಿದ್ದರು. ಎಲೆಗೆ ಹೋಳಿಗೆ ಬಡಿಸಿ, ತುಪ್ಪ ಹಾಕಿ, ಮನಸಾರೆ ಹೊಗಳಿದರು. "ಭಾಳ ಚಲೋ ಹೊಲ್ದೀರಿ. ಏನೂ ಆಗೇ ಇಲ್ಲ ಅನ್ನಂಗ ಐತೆ ನೋಡ್ರಿ."

ನಾನು ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದೆ. ಒಳಗಿನ ಬಿಗಿ ಅಂಗಿ ಇನ್ನೆಷ್ಟು ದಿನ ಹಾಕಬೇಕು ಎಂದು ಅವರು ಕೇಳಿದರು. ಡಾಕ್ಟರಮ್ಮ ಹೇಳಿದ್ದು ಒಂದು ವರ್ಷ, ಮೂರು ತಿಂಗಳಿಗೊಮ್ಮೆ ಹೊಸದು. ನಾನು ಎರಡು ವರ್ಷ ಎಂದೆ. ತಿಂಗಳಿಗೊಮ್ಮೆ ದಾವಣಗೆರೆಗೆ ಬಂದು ಅಳತೆ ಕೊಡಲೇಬೇಕು, ಇಲ್ಲದಿದ್ದರೆ ಭುಜ ಉಬ್ಬಿ ಈ ರವಿಕೆ ಕೂರುವುದಿಲ್ಲ, ಎಲ್ಲ ಕಾಣುತ್ತದೆ ಎಂದೆ. ಎಲ್ಲ ಕಾಣುತ್ತದೆ ಎಂದದ್ದು ಅವರಿಗೆ ನಾಟಿತು. ಕಳಿಸುತ್ತೇವೆ ಎಂದರು.

ನನ್ನಿಂದ ಆದದ್ದು ಅಷ್ಟೆ. ಸೆಪ್ಟೆಂಬರಿನಿಂದ ಪ್ರತಿ ತಿಂಗಳು ಅವಳು ಮಗುವನ್ನು ಕರೆದುಕೊಂಡು ಬರುತ್ತಿದ್ದಳು. ಪರದೆ ಎಳೆದು ಟೇಪು ಹಿಡಿಯುತ್ತಿದ್ದೆ. ಹಳೆಯ ಕಲೆಯ ಅಳತೆ ನೆಪ, ನಾನು ಹುಡುಕುತ್ತಿದ್ದುದು ಹೊಸದನ್ನು. ಹೆಂಗಿದ್ದೀಯವ್ವ ಎಂದರೆ ಚಲೋ ಅದೀನಕ್ಕ ಎನ್ನುತ್ತಿದ್ದಳು. ಮೂರು ತಿಂಗಳು ಏನೂ ಕಾಣಲಿಲ್ಲ. ಆದರೂ ಅವಳು ಹರಿಹರದ ಬಸ್ಸು ಹತ್ತಿದ ಮೇಲೆ ನನಗೆ ಕೆಲಸ ಕೈಗೆ ಹತ್ತುತ್ತಿರಲಿಲ್ಲ.

ಆ ಮನೆ ಬಿಟ್ಟು ಮಗುವಿನೊಂದಿಗೆ ಅವಳು ಭಾನುವಳ್ಳಿಗೆ ಬಂದುಬಿಟ್ಟದ್ದು ಮಾರನೆಯ ವರ್ಷ. ತಾಯಿಯ ಅಣ್ಣ ಹೋಗಿ ಕರೆತಂದರಂತೆ. ಕೇಸು ಎಂದೂ ಆಗಲಿಲ್ಲ. ಅವಳು ಬಂದುಬಿಟ್ಟದ್ದರಲ್ಲಿ ನನ್ನ ಪಾಲು ಏನೂ ಇಲ್ಲ. ನನಗೆ ನೆನಪಿರುವುದು ಡಿಸೆಂಬರಿನ ಅಳತೆ.

ಆವತ್ತು ಅಂಗಿ ತೆಗೆದಾಗ ಎಡತೋಳಿನ ಚೊಕ್ಕ ಚರ್ಮದ ಮೇಲೆ ನಾಲ್ಕು ನೀಲಿ ಗುರುತುಗಳಿದ್ದವು, ಸಾಲಾಗಿ. ನಾನು ಅವನ್ನು ನೋಡಿದ್ದನ್ನು ಅವಳು ನೋಡಿದಳು.

"ಬಾಗಿಲು ಬಡೀತಕ್ಕ" ಎಂದಳು.

ನಾನು ಟೇಪು ಕೊರಳಿಗೆ ಹಾಕಿಕೊಂಡು ಅಳತೆ ಪುಸ್ತಕ ತೆಗೆದೆ. ಅಂಕಿಗಳನ್ನು ಬರೆದು ಮುಗಿಸಿ, ಕೆಳಗೆ, ಎಡತೋಳು, ಬಾಗಿಲು ಬಡಿದದ್ದು ಎಂದು ಬರೆದೆ. ಯಾಕೆ ಬರೆದೆನೋ. ಬೇರೇನು ಮಾಡಬೇಕೋ ತೋಚಲಿಲ್ಲ. ಅವಳು ಏಳನೆಯ ತರಗತಿಯವರೆಗೆ ಓದಿದವಳು. ಹುಕ್ಕು ಹಾಕಿಕೊಳ್ಳುತ್ತ ಬಗ್ಗಿ ನೋಡಿದಳು. ಕೈ ನಿಂತಿತು. ಹೊರಗೆ ಮಗು ಖಾಲಿ ಬಾಬಿನ್‌ಗಳನ್ನು ನೆಲದ ಮೇಲೆ ಉರುಳಿಸುತ್ತಿತ್ತು.

"ಬಾಗಿಲು ಅಂತ ಬರೀಬ್ಯಾಡ್ರಿ."

ಅದನ್ನು ಹೊಡೆದು ಹಾಕಿದೆ. "ಮತ್ತೇನಂತ ಬರೀಲವ್ವ?"

ಅವಳು ಉಳಿದ ಹುಕ್ಕುಗಳನ್ನು ಒಂದೊಂದಾಗಿ ಹಾಕಿಕೊಂಡಳು. ಸೆರಗು ಹೊದ್ದಳು.

"ಅವರ ಕೈ ಅಂತ ಬರೀರಿ" ಎಂದಳು. ನಾನು ಬರೆಯುವವರೆಗೆ ನಿಂತು ನೋಡಿದಳು. ಆಮೇಲೆ, "ತಾರೀಕೂ ಹಾಕ್ರಿ ಅಕ್ಕ."